ಪೀಣ್ಯದ ಕಕ್ಷೆಗಳು: ನೆನಪು ಮತ್ತು ದಾಖಲೆ

ಯು.ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹವು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ನೆರವಿನಿಂದ ಕಕ್ಷೆ ಸೇರಿತು. ನಾಲ್ಕು ದಶಕ ತುಂಬುವುದರೊಳಗೆ ಅದೇ ಪೀಣ್ಯದ ಇಸ್ಟ್ರ್ಯಾಕ್, ಎಂದರೆ ನೌಕೆಗಳ ಜಾಡು ಹಿಡಿದು ಅವುಗಳಿಗೆ ಆದೇಶ ಕಳುಹಿಸುವ ಇಸ್ರೋದ ಕೇಂದ್ರ, ಮಂಗಳಯಾನವನ್ನು ನಡೆಸುವ ಹೊಣೆ ಹೊತ್ತಿತು.

2013ರ ನವೆಂಬರ್ 5ರಂದು ಹಾರಿದ ಇಸ್ರೋದ ರಾಕೆಟ್ ಪಿಎಸ್‌ಎಲ್‌ವಿಗೆ 1,337 ಕೆ.ಜಿ. ತೂಕದ ನೌಕೆಯನ್ನು ನೇರವಾಗಿ ಮಂಗಳನತ್ತ ಎಸೆಯುವಷ್ಟು ಬಲವಿರಲಿಲ್ಲವಾದ್ದರಿಂದ, ನೌಕೆ ಮೊದಲು ಭೂಮಿಯನ್ನೇ ಸುತ್ತುತ್ತಾ, ಭೂಮಿಗೆ ಅತಿ ಹತ್ತಿರವಾಗುವ ಬಿಂದುವಿನಲ್ಲಿ ಪ್ರತಿ ಸಲವೂ ಎಂಜಿನ್ ಉರಿಸಿ, ಎದುರು ಬದಿಯ ದೂರಬಿಂದುವನ್ನು ಮೆಟ್ಟಿಲು ಮೆಟ್ಟಿಲಾಗಿ ಎತ್ತರಿಸಿಕೊಂಡಿತು. ವೇಗ ಹೆಚ್ಚಿರುವಲ್ಲಿ ಉರಿಸಿದ ಇಂಧನ ಹೆಚ್ಚು ಶಕ್ತಿ ಕೊಡುತ್ತದೆಂಬುದೇ ಈ ಕ್ರಮದ ಗುಟ್ಟು. ನಾಲ್ಕನೆಯ ಸಲ ಸೆಕೆಂಡಿಗೆ 130 ಮೀಟರ್ ವೇಗ ಸೇರಬೇಕಾದಲ್ಲಿ ಸೇರಿದ್ದು 35 ಮೀಟರ್ ಮಾತ್ರ. ಆದರೆ ಹೆಜ್ಜೆಗಳು ಬಿಡಿಬಿಡಿಯಾಗಿದ್ದುದರಿಂದ ಮರುದಿನವೇ ಎಂಜಿನ್ನನ್ನು ಮತ್ತೊಮ್ಮೆ ಉರಿಸಿ ಕೊರತೆ ತುಂಬಲು ಸಾಧ್ಯವಾಯಿತು. ಡಿಸೆಂಬರ್ 1ರ ನಸುಕಿನಲ್ಲಿ ಸುಮಾರು 22 ನಿಮಿಷ ಎಂಜಿನ್ ಉರಿಸಿದ ಬಳಿಕ ನೌಕೆ ಭೂಮಿಯ ಹಿಡಿತ ಬಿಟ್ಟು, ಜರ್ಮನಿಯ ಎಂಜಿನಿಯರ್ ವಾಲ್ಟರ್ ಹೋಮನ್ 1925ರಲ್ಲೇ ವಿವರಿಸಿದ್ದ ಬಗೆಯ, ಎರಡು ಗ್ರಹಗಳ ಕಕ್ಷೆಗಳನ್ನು ಜೋಡಿಸುವ ಮಿತವ್ಯಯದ ಅಂಡಾಕಾರದ ಹಾದಿ ಹಿಡಿಯಿತು.

ನೌಕೆ ಮಂಗಳನ ಕಕ್ಷೆ ಸೇರಿದ 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಪೀಣ್ಯದಲ್ಲಿ ನೆರೆದವರು ಕಂಡದ್ದು ಮಂಗಳನನ್ನಲ್ಲ, ಪರದೆಯ ಮೇಲಿನ ಅಂಕಿಗಳನ್ನು. ಆ ಸಂಕೇತಗಳೂ ಹನ್ನೆರಡೂವರೆ ನಿಮಿಷದಷ್ಟು ಹಳೆಯವಾಗಿದ್ದವು, ಅದರಲ್ಲೂ ನೌಕೆ ಗ್ರಹದ ಹಿಂದೆ ಮರೆಯಾಗಿದ್ದಷ್ಟು ಹೊತ್ತು ಅವೂ ಬರಲಿಲ್ಲ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಅಲ್ಲಿಯೇ, ಚಂದ್ರನ ಮೇಲೆ ಇಳಿಯುತ್ತಿದ್ದ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರಿನ ಸಂಪರ್ಕ ಕಡಿದಾಗ ದೇಶವೇ ಎದೆ ಹಿಡಿದು ಕುಳಿತಿತ್ತಾದರೂ, ವೇಗ ನಿಗದಿಗಿಂತ ಹೆಚ್ಚು ತಗ್ಗಿ ಲ್ಯಾಂಡರು ಗೊತ್ತುಪಡಿಸಿದ ಜಾಗದ 500 ಮೀಟರ್ ಒಳಗೆ ಬಲವಾಗಿ ಅಪ್ಪಳಿಸಿತೆಂಬ ವಿವರ ಸಂಸತ್ತಿನ ಮುಂದೆ ಬಂದದ್ದು ಅದೇ ವರ್ಷದ ನವೆಂಬರಿನಲ್ಲಿ.

ಇಂಥ ಭಾವೋದ್ವೇಗದ ಘಳಿಗೆ ಮನಸ್ಸಿನಲ್ಲಿ ಅಚ್ಚೊತ್ತುವುದು ನಿಜ, ಆದರೆ ಅಚ್ಚೊತ್ತಿದ್ದೆಲ್ಲ ಯಥಾವತ್ತಾಗಿ ಉಳಿಯುತ್ತದೆಂಬ ಭರವಸೆಯಿಲ್ಲ. 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಿಸಿದ ಮರುದಿನ ಅಮೆರಿಕದ ಮನೋವಿಜ್ಞಾನಿಗಳಾದ ಉಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಶ್, ಸುದ್ದಿ ಎಲ್ಲಿ, ಯಾರಿಂದ ತಿಳಿಯಿತೆಂದು ವಿದ್ಯಾರ್ಥಿಗಳಿಂದ ಬರೆಸಿಕೊಂಡರು; ಎರಡೂವರೆ ವರ್ಷಗಳ ಬಳಿಕ ಮತ್ತೆ ಕೇಳಿದಾಗ 44 ಮಂದಿಯಲ್ಲಿ ಕಾಲು ಭಾಗದಷ್ಟು ಜನ ಮುಖ್ಯ ವಿವರಗಳಾವುವನ್ನೂ ಸರಿಯಾಗಿ ಹೇಳಲಿಲ್ಲ, ಅನೇಕರು ದೃಢ ವಿಶ್ವಾಸದಿಂದಲೇ ತಪ್ಪಿದರು, ತಮ್ಮದೇ ಕೈಬರಹದ ಹಳೆಯ ಉತ್ತರವನ್ನು ಮುಂದಿಟ್ಟಾಗಲೂ ಅವರಿಗೆ ಮೂಲ ನೆನಪು ಮರಳಲಿಲ್ಲ.

ಆದ್ದರಿಂದ ಪೀಣ್ಯದ ಚರಿತ್ರೆಯನ್ನು ಬರೆಯುವವರು ನೌಕೆ ಕಳುಹಿಸಿದ ಅಂಕಿಅಂಶಗಳನ್ನೂ ಆ ರಾತ್ರಿಗಳಲ್ಲಿ ಎಚ್ಚರವಿದ್ದವರ ಮಾತನ್ನೂ ಎದುರುಬದುರಿಟ್ಟು ಓದಬೇಕಾಗುತ್ತದೆ. ಏನು ನಡೆಯಿತೆಂಬುದಕ್ಕೆ ಅಂಕಿಗಳೇ ಪ್ರಮಾಣ. ಅದು ಜನರಿಗೆ ಏನಾಗಿ ಕಂಡಿತೆಂಬುದಕ್ಕೆ ಅವರ ಮಾತೊಂದೇ ಸಾಕ್ಷಿ, ಮತ್ತು ಆ ಸಾಕ್ಷಿಯನ್ನು ತಡಮಾಡದೆ, ದಿನಾಂಕ ಸಮೇತ ಬರೆದಿಡುವುದು ಮುಂದಿನ ಪ್ರತಿ ಯಾನದ ಕೆಲಸದ ಭಾಗವೇ ಆಗಬೇಕು.