ಉಪಾಧ್ಯಾಯರ ಶಿಕ್ಷಣ: ಇಂಗ್ಲೆಂಡಿನ ಒಂದು ಪೂರ್ವವೃತ್ತಾಂತ

ಪಾಠ ಹೇಳುವವನಿಗೂ ಪಾಠವಾಗಬೇಕೆಂಬ ಮಾತನ್ನು ಇಂಗ್ಲೆಂಡು ದೇಶವು ತಡವಾಗಿ ಅರಿತಿತು. ಹಿರಿಯ ಹುಡುಗರಿಂದ ಕಿರಿಯರಿಗೆ ಪಾಠ ಹೇಳಿಸುವ ಕ್ರಮವೊಂದನ್ನು ಆಂಡ್ರ್ಯೂ ಬೆಲ್ಲನು ಮದರಾಸಿನಿಂದ ಒಯ್ದಿದ್ದನು. ಬಡಮಕ್ಕಳ ಶಾಲೆಗಳು ಬಹುಕಾಲ ಅದನ್ನೇ ನಂಬಿದ್ದವು.

ಅದು ಸಾಲದೆಂದು ಕಂಡ ಜೇಮ್ಸ್ ಕೇ-ಶಟಲ್‌ವರ್ತನು 1840ರಲ್ಲಿ ಬ್ಯಾಟರ್ಸೀಯಲ್ಲಿ ಉಪಾಧ್ಯಾಯರ ಶಿಕ್ಷಣಶಾಲೆಯನ್ನು ತೆರೆದನು. ಆತನ ಪ್ರಯತ್ನದಿಂದಲೇ 1846ರಲ್ಲಿ ಸರಕಾರವು ಹೊಸ ಏರ್ಪಾಡನ್ನು ಮಾಡಿತು. 13 ವರ್ಷ ತುಂಬಿದ ಬಾಲಕ ಬಾಲಿಕೆಯರು ಮುಖ್ಯೋಪಾಧ್ಯಾಯರ ಕೈಕೆಳಗೆ 5 ವರ್ಷ ಶಿಷ್ಯೋಪಾಧ್ಯಾಯರಾಗಿರತಕ್ಕದ್ದು. ಅವರಿಗೆ ಮೊದಲ ವರ್ಷ 10 ಪೌಂಡು, ಕಡೆಯ ವರ್ಷ 20 ಪೌಂಡು ವೇತನ. ಶಾಲೆಯ ವೇಳೆಯ ಹೊರಗೆ ಗುರುವಿನಿಂದ ಅವರಿಗೆ ಪ್ರತ್ಯೇಕ ಪಾಠ. ಮುಂದೆ ಶಿಕ್ಷಣಶಾಲೆಯಲ್ಲಿ ಓದಿ ಯೋಗ್ಯತಾಪತ್ರವನ್ನು ಪಡೆದವರಿಗೆ ಹೆಚ್ಚಿನ ಸಂಬಳ. ದೀರ್ಘಸೇವೆಯ ಬಳಿಕ ವಿಶ್ರಾಂತಿವೇತನದ ಭರವಸೆ. ಹೀಗೆ ಬಾಲ್ಯದಿಂದ ವೃದ್ಧಾಪ್ಯದವರೆಗೆ ಒಂದು ವೃತ್ತಿಗೆ ಆಸರೆ ದೊರೆಯಿತು.

ಆದರೆ ವೆಚ್ಚವು ಬೆಳೆಯಿತು. 1862ರಲ್ಲಿ ರಾಬರ್ಟ್ ಲೋ ಎಂಬವನ ಪರಿಷ್ಕೃತ ನಿಬಂಧನೆಗಳು ಬಂದವು. ಉಪಾಧ್ಯಾಯರಿಗೂ ಶಿಷ್ಯರಿಗೂ ನೇರವಾಗಿ ಸಲ್ಲುತ್ತಿದ್ದ ಹಣವು ನಿಂತಿತು. ಮಕ್ಕಳ ಹಾಜರಿಯನ್ನೂ ಓದು, ಬರೆಹ, ಲೆಕ್ಕಗಳ ಪರೀಕ್ಷೆಯನ್ನೂ ನೋಡಿ ಶಾಲೆಗೆ ದ್ರವ್ಯ ಕೊಡುವ ಪದ್ಧತಿಯು ಹುಟ್ಟಿತು. ಕವಿಯೂ ಶಾಲಾಪರೀಕ್ಷಕನೂ ಆಗಿದ್ದ ಮ್ಯಾಥ್ಯೂ ಆರ್ನಲ್ಡನು ಇದನ್ನು ಬಹಿರಂಗವಾಗಿ ಖಂಡಿಸಿದನು. ಕೆಲವೇ ವರ್ಷಗಳಲ್ಲಿ ಶಿಷ್ಯೋಪಾಧ್ಯಾಯರ ಸಂಖ್ಯೆಯು ಬಹಳವಾಗಿ ಇಳಿಯಿತು. ಫಲವನ್ನು ಎಣಿಸಹೊರಟವರು ಬೇರಿಗೆ ನೀರೆರೆಯುವುದನ್ನು ಮರೆತಿದ್ದರು.