ಗಾಳದ ಗಂಟಿಗೆ ಎಂಜಲು ಹಚ್ಚಿದರೆ ಗಟ್ಟಿಯಾಗುತ್ತದೆಯೇ?

ಮೀನು ಹಿಡಿಯುವ ಹವ್ಯಾಸದವರು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲಿ ಇದೂ ಒಂದು: ಲೂರ್ (ಹುಸಿ ಎರೆ) ಕಟ್ಟಿದ ಮೇಲೆ ಗಂಟಿಗೆ ಎಂಜಲು ಹಚ್ಚಿ ಎಳೆಯಬೇಕು, ಎಂಜಲಿಗೆ ಅಂಟಿನ ಗುಣ ಇದೆ. ಇದರಲ್ಲಿ ಅರ್ಧ ನಿಜ, ಅರ್ಧ ತಪ್ಪು.

ಗಂಟನ್ನು ಒದ್ದೆ ಮಾಡಿಯೇ ಬಿಗಿಯಬೇಕು ಎಂಬುದು ನಿಜ. ಒಣ ನೈಲಾನ್ ದಾರವನ್ನು ರಪ್ಪನೆ ಎಳೆದರೆ ಸುತ್ತುಗಳು ಒಂದಕ್ಕೊಂದು ಉಜ್ಜಿ ಬಿಸಿಯಾಗುತ್ತವೆ. ಆ ಬಿಸಿಗೆ ಗಂಟಿನ ಹತ್ತಿರದ ದಾರ ಗುಂಗುರಾಗಿ ಸುರುಳಿಗೊಂಡು ಶಕ್ತಿ ಕಳೆದುಕೊಳ್ಳುತ್ತದೆ. ಒದ್ದೆಯಾದರೆ ಉಜ್ಜಾಟ ಕಡಿಮೆ, ಸುತ್ತುಗಳೂ ಒಪ್ಪವಾಗಿ ಕೂರುತ್ತವೆ. ಇದಕ್ಕೆ ಅಂಟು ಬೇಕಿಲ್ಲ, ಎಂಜಲೂ ಬೇಕಿಲ್ಲ. ಬಾಟಲಿಯ ಕುಡಿಯುವ ನೀರು ಎರಡು ಹನಿ ಸಾಕು.

ಕೆರೆಯಲ್ಲಿ ಮುಳುಗಿದ್ದ ದಾರವನ್ನು ಬಾಯಿಗಿಡುವುದಂತೂ ಬೇಡವೇ ಬೇಡ. ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರ (ಲೆಪ್ಟೊಸ್ಪೈರೋಸಿಸ್) ಬರುತ್ತದೆ. ಅದರ ಬ್ಯಾಕ್ಟೀರಿಯಾ ಬಾಯಿಯ ಒಳಪದರದ ಮೂಲಕವೂ ದೇಹ ಸೇರಬಲ್ಲದು. ಉಳಿದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕತ್ತರಿಸುವವರಿಗೂ ಇದೇ ಮಾತು. ಜೇಬಿನಲ್ಲಿ ಒಂದು ನೇಲ್ ಕಟರ್ ಇಟ್ಟುಕೊಳ್ಳಿ.

ಹಾಗಾದರೆ ಯಾವ ಗಂಟು? ಸಾದಾ ಒಂಟಿ ಗಂಟು ದಾರದ ಶಕ್ತಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. 10 ಕಿಲೋ ತಡೆಯಬೇಕಾದ ದಾರ 5 ಕಿಲೋಗೇ ಕಿತ್ತುಹೋಗಬಹುದು. ನಷ್ಟ ನಿಮ್ಮ ಲೂರ್‌ನದ್ದು ಮಾತ್ರವಲ್ಲ. ಕೊಕ್ಕೆ ಮೀನಿನ ಬಾಯಲ್ಲೇ ಉಳಿಯುತ್ತದೆ, ತುಂಡಾದ ದಾರ ನೀರುಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ.

ನೈಲಾನ್ ದಾರಕ್ಕೆ ಕ್ಲಿಂಚ್ ಗಂಟು ಸಾಕು. ತುದಿಯನ್ನು ಲೂರ್‌ನ ಕಣ್ಣಿಗೆ ಪೋಣಿಸಿ, ಮೂಲ ದಾರದ ಸುತ್ತ 5–6 ಸಲ ತಿರುಗಿಸಿ, ಕಣ್ಣಿನ ಪಕ್ಕದ ಸಣ್ಣ ಕುಣಿಕೆಯಲ್ಲಿ ತೂರಿಸಿ. ಈಗ ಉಂಟಾದ ದೊಡ್ಡ ಕುಣಿಕೆಯಲ್ಲೂ ಒಮ್ಮೆ ತೂರಿಸಿ, ಒದ್ದೆ ಮಾಡಿ, ನಿಧಾನವಾಗಿ ಎಳೆಯಿರಿ. ಹೆಣೆದ ದಾರ (ಬ್ರೇಡ್) ನುಣುಪು. ಈ ಗಂಟು ಅದರಲ್ಲಿ ಜಾರುತ್ತದೆ. ಅದಕ್ಕೆ ಪಾಲೊಮಾರ್: ದಾರವನ್ನು ಜೋಡಿ ಮಾಡಿ ಕಣ್ಣಿಗೆ ಪೋಣಿಸಿ, ಸಡಿಲವಾಗಿ ಒಂಟಿ ಗಂಟು ಹಾಕಿ, ಕುಣಿಕೆಯೊಳಗೆ ಲೂರನ್ನೇ ದಾಟಿಸಿ ಬಿಗಿಯುವುದು. ಮೂರು ಮೊನೆಯ ಕೊಕ್ಕೆಗಳು ಎರಡು ಮೂರು ಇರುವ ಲೂರ್‌ನಲ್ಲಿ ಇದನ್ನು ಮಾಡುವಾಗ ಬೆರಳು ಜೋಪಾನ!

“ಸ್ವಿವೆಲ್ ಹಾಕಿದರೆ ಎಲ್ಲ ಲೂರ್‌ಗೂ ಒಳ್ಳೆಯದು” ಎಂಬುದೂ ಪೂರ್ತಿ ಸರಿಯಲ್ಲ. ಗಿರಗಿರ ತಿರುಗುವ ಸ್ಪಿನ್ನರ್‌ಗೆ ಅದು ಬೇಕು, ಇಲ್ಲದಿದ್ದರೆ ದಾರ ಹುರಿಗೊಳ್ಳುತ್ತದೆ. ತೇಲುವ ಸಣ್ಣ ಲೂರ್‌ಗೆ ಹಾಕಿದರೆ ಭಾರಕ್ಕೆ ಮೂತಿ ಬಗ್ಗಿ, ಮೀನಿನಂತೆ ಈಜುವ ಆಟವೇ ಕೆಡುತ್ತದೆ. ಅಲ್ಲಿ ಬಿಗಿಯದೆ ಉಳಿಯುವ ಕುಣಿಕೆ ಗಂಟು ಅಥವಾ ಪುಟ್ಟ ಸ್ನ್ಯಾಪ್ ಮೇಲು. ಕೊರವ ಮೀನಿಗಾಗಿ ಜೊಂಡಿನ ಮೇಲೆ ಎಳೆಯುವ ರಬ್ಬರ್ ಕಪ್ಪೆಗೆ ಸ್ನ್ಯಾಪ್ ಕೂಡ ಬೇಡ, ಕಸ ಸಿಕ್ಕಿಕೊಳ್ಳುತ್ತದೆ, ನೇರವಾಗಿ ಕಟ್ಟಿ. ಕಡಲಿನ ಬಾರಕುಡಾಗೆ ಮಾತ್ರ ಯಾವ ಗಂಟೂ ಲೆಕ್ಕಕ್ಕಿಲ್ಲ. ಅದರ ಹಲ್ಲು ದಾರವನ್ನೇ ಕತ್ತರಿಸುವುದರಿಂದ ಲೂರ್‌ನ ಮುಂದೆ ಒಂದು ಗೇಣು ಉಕ್ಕಿನ ತಂತಿ ಇರಬೇಕು.