ಋತುಮಾನವೂ ಮೋಟಾರಿನ ಟೈರೂ

ನಮ್ಮ ಅಕ್ಕನ ಮಗನೊಬ್ಬ ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ಉದ್ಯೋಗದಲ್ಲಿದ್ದಾನೆ. ವೇಗದ ಕಾರುಗಳ ಹುಚ್ಚು ಅವನಿಗೆ ಚಿಕ್ಕಂದಿನಿಂದಲೂ ಉಂಟು. ಸಂಬಳ ಕೈಗೆ ಹತ್ತಿದ ಮೇಲೆ ಅಂಥದೊಂದು ಕಾರನ್ನು ಕೊಂಡ. ಅದಕ್ಕೆ ತಕ್ಕ ಬೆಲೆಬಾಳುವ ಟೈರುಗಳನ್ನೂ ಹಾಕಿಸಿದ. ಕೆಲವು ವರ್ಷಗಳ ಹಿಂದೆ, ಒಂದು ನವೆಂಬರ್ ತಿಂಗಳಲ್ಲಿ, ಅವನಿಂದ ದೂರವಾಣಿ ಬಂತು. "ಮಾವ, ಈ ಬೆಳಗ್ಗೆ ದೇವರು ಕಾಪಾಡಿದ. ಮಳೆಯಿರಲಿಲ್ಲ, ಹಿಮವಿರಲಿಲ್ಲ, ರಸ್ತೆ ಒಣಗಿತ್ತು. ಕೆಂಪು ದೀಪ ಕಂಡು ಬ್ರೇಕು ಒತ್ತಿದೆ. ಕಾರು ನಾನೆಣಿಸಿದ ಕಡೆ ನಿಲ್ಲದೆ ಗೆರೆ ದಾಟಿ ಚೌಕದ ನಡುವಿಗೇ ಹೋಯಿತು" ಎಂದ. ಅಡ್ಡ ಬರುತ್ತಿದ್ದ ಲಾರಿಯವನು ಎಚ್ಚರವಾಗಿದ್ದುದರಿಂದ ಯಾರಿಗೂ ಏಟಾಗಲಿಲ್ಲ. ಆ ಹೊತ್ತಿಗೆ ಅಲ್ಲಿಯ ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿತ್ತಂತೆ. ಅವನ ಟೈರುಗಳು ಹೊಸವೇ, ಆದರೆ ಬೇಸಗೆಯ ಟೈರುಗಳು.

"ಇವನ್ನು ಕಿತ್ತು ಎಲ್ಲ ಕಾಲಕ್ಕೂ ಆಗುವ ಟೈರು ಹಾಕಿಸಲೆ?" ಎಂದು ಅವನು ಕೇಳಿದಾಗ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಟೈರಿಗೂ ಕಾಲಕ್ಕೂ ಏನು ಸಂಬಂಧ? ನಮ್ಮೂರಿನಲ್ಲಿ ಟೈರೆಂದರೆ ಟೈರು. ಬೋಳಾಗುವವರೆಗೆ ಓಡಿಸಿ, ಆಮೇಲೆ ಬದಲಾಯಿಸುವ ವಸ್ತು. ಹುಡುಕುತ್ತ ಹೋದವನಿಗೆ ಸುಮಾರು ೧೯೦ ವರ್ಷಗಳ ಒಂದು ವ್ಯಾಜ್ಯವೇ ಎದುರಾಯಿತು. ಅದು ರಬ್ಬರಿಗೂ ಋತುಮಾನಕ್ಕೂ ನಡುವಣ ವ್ಯಾಜ್ಯ.

೧೮೩೦ರ ದಶಕದಲ್ಲಿ ಅಮೆರಿಕದಲ್ಲಿ ರಬ್ಬರಿನ ಹುಚ್ಚೊಂದು ಎದ್ದಿತ್ತು. ದಕ್ಷಿಣ ಅಮೆರಿಕದ ಕಾಡುಮರಗಳ ಹಾಲಿನಿಂದ ಪಾದರಕ್ಷೆ, ಮಳೆಯಂಗಿ, ಚೀಲಗಳನ್ನು ಮಾಡಿ ಮಾರಿದರು. ಜನ ಮುಗಿಬಿದ್ದು ಕೊಂಡರು. ಬೇಸಗೆ ಬಂದಾಗ ಆ ಸರಕೆಲ್ಲ ಕರಗಿ ಅಂಟಾಗಿ ದುರ್ನಾತ ಬೀರಿತು; ಚಳಿಗಾಲದಲ್ಲಿ ಉಳಿದದ್ದು ಹಲಗೆಯಂತೆ ಬಿರುಸಾಗಿ ಸೀಳಿತು. ಒಂದೇ ವಸ್ತು ಎರಡು ಋತುಗಳಲ್ಲಿ ಎರಡು ಬಗೆಯಾಗಿ ಕೆಟ್ಟಿತು. ಚಾರ್ಲ್ಸ್ ಗುಡ್‌ಇಯರ್ ಎಂಬಾತ ಈ ತೊಡಕನ್ನು ಬಿಡಿಸುವುದಕ್ಕಾಗಿ ಮನೆಮಠ ಕಳೆದುಕೊಂಡ, ಸಾಲಕ್ಕಾಗಿ ಸೆರೆಮನೆ ಕಂಡ. ಕೊನೆಗೆ ೧೮೩೯ರಲ್ಲಿ ರಬ್ಬರಿಗೆ ಗಂಧಕ ಬೆರೆಸಿ ಬಿಸಿ ಮಾಡಿದರೆ ಅದು ಸೆಕೆಗೂ ಕರಗದು, ಚಳಿಗೂ ಸೀಳದು ಎಂಬುದನ್ನು ಕಂಡುಕೊಂಡ. ಅದರ ಹಕ್ಕುಪತ್ರ ಅವನ ಕೈಸೇರಿದ್ದು ೧೮೪೪ರಲ್ಲಿ. ಅವನು ೧೮೬೦ರಲ್ಲಿ ಸಾಯುವಾಗಲೂ ಸಾಲ ತೀರಿರಲಿಲ್ಲ. ಇಂದು ಅವನ ಹೆಸರಿನಲ್ಲಿ ನಡೆಯುತ್ತಿರುವ ಟೈರು ಕಂಪನಿಗೂ ಅವನಿಗೂ ನಂಟಿಲ್ಲ. ೧೮೯೮ರಲ್ಲಿ ಓಹೈಯೋ ಸಂಸ್ಥಾನದ ಏಕ್ರನ್ ಪಟ್ಟಣದಲ್ಲಿ ಅದನ್ನು ಕಟ್ಟಿದವರು ಗೌರವಕ್ಕೆಂದು ಆ ಹೆಸರಿಟ್ಟರು, ಅಷ್ಟೆ.

ವ್ಯಾಜ್ಯ ಅಲ್ಲಿಗೆ ತೀರಿತೆಂದೇ ಎಲ್ಲರೂ ತಿಳಿದರು. ಗಾಳಿ ತುಂಬಿದ ಟೈರಿನ ಯೋಚನೆ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ ಎಂಬವನಿಗೆ ೧೮೪೫ರಲ್ಲೇ ಹೊಳೆದಿತ್ತು. ಅದಕ್ಕೆ ತಕ್ಕ ವಾಹನಗಳು ಇನ್ನೂ ಇರಲಿಲ್ಲ. ೧೮೮೮ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರು ಗಾಲಿಯ ಸೈಕಲ್ಲಿನ ಕುಲುಕಾಟ ತಪ್ಪಿಸಲು ಮಾಡಿದ್ದನ್ನೇ ಹಕ್ಕುಪತ್ರವಾಗಿಸಿದ ಮೇಲೆ ಅದು ಲೋಕಕ್ಕೆ ಹರಡಿತು. ಮೊದಲ ಮೋಟಾರು ಟೈರುಗಳ ಮೈ ನುಣುಪು. ರಸ್ತೆ ಒದ್ದೆಯಾದರೆ ಸಾಕು, ಕಾರು ಜಾರುತ್ತಿತ್ತು. ೧೯೦೮ರಲ್ಲಿ ಫೈರ್‌ಸ್ಟೋನ್ ಕಂಪನಿ ಒಂದು ತಮಾಷೆಯ ಉಪಾಯ ಹೂಡಿತು: 'ಜಾರದು' ಎಂಬರ್ಥದ ಇಂಗ್ಲಿಷ್ ಅಕ್ಷರಗಳನ್ನೇ ಟೈರಿನ ಮೈಮೇಲೆ ಉಬ್ಬಾಗಿ ಅಚ್ಚೊತ್ತಿತು. ಅಕ್ಷರಗಳ ಅಂಚು ನೆಲವನ್ನು ಕಚ್ಚುತ್ತಿದ್ದವು, ಕೆಸರಿನ ಹಾದಿಯಲ್ಲಿ ಜಾಹೀರಾತನ್ನೂ ಬರೆಯುತ್ತ ಹೋಗುತ್ತಿದ್ದವು.

ಹಿಮದ ನಾಡುಗಳಲ್ಲಿ ಅಷ್ಟು ಸಾಲದಾಯಿತು. ೧೯೦೪ರಿಂದ ಅಲ್ಲಿ ಗಾಲಿಗೆ ಸರಪಳಿ ಸುತ್ತುವ ಪದ್ಧತಿ ಬಂದಿತ್ತು. ಒಣರಸ್ತೆ ಸಿಕ್ಕ ಕೂಡಲೇ ಇಳಿದು ಅದನ್ನು ಬಿಚ್ಚಬೇಕು, ಹಿಮ ಕಂಡರೆ ಮತ್ತೆ ಕಟ್ಟಬೇಕು. ೧೯೩೪ರಲ್ಲಿ ಫಿನ್ಲೆಂಡಿನ ನೋಕಿಯಾ ಪಟ್ಟಣದ ರಬ್ಬರು ಕಾರ್ಖಾನೆ ಲಾರಿಗಳಿಗಾಗಿ ಚಳಿಗಾಲದ್ದೇ ಟೈರನ್ನು ಮಾಡಿತು. ಮೈಮೇಲೆ ಅಡ್ಡಡ್ಡಲಾಗಿ ಆಳವಾದ ಹಲ್ಲುಗಳು. ೧೯೩೬ರಲ್ಲಿ ಕಾರುಗಳಿಗೂ ಬಂತು. ಹದಿನೇಳನೆಯ ಶತಮಾನದ ಫಿನ್ನಿಷ್ ಕುದುರೆ ಸವಾರರ ನೆನಪಿಗೆ ಅದನ್ನು ಹಕ್ಕಪೆಲೀಟ ಎಂದು ಕರೆದರು. ನಮ್ಮ ಜನರ ಕೈಯಲ್ಲಿ ಬಹುಕಾಲ ಮೆರೆದ ಮೊಬೈಲ್ ಫೋನಿನ ಹೆಸರೂ ಈ ಊರಿನದೇ.

ಅದುವರೆಗೆ ಯಾರೂ ಟೈರಿಗೆ ಬೇಸಗೆಯದು ಎಂಬ ವಿಶೇಷಣ ಹಚ್ಚಿರಲಿಲ್ಲ. ತಮ್ಮ ಹುಟ್ಟಿದ ಮೇಲಲ್ಲವೆ ಮೊದಲಿನವನು ಅಣ್ಣನಾಗುವುದು? ಹಾಗೆ ಚಳಿಗಾಲದ ಟೈರು ಹುಟ್ಟಿದ ಮೇಲೆ ಹಳೆಯದು ಬೇಸಗೆಯ ಟೈರಾಯಿತು. ಅಮೆರಿಕದ ಉತ್ತರ ಸಂಸ್ಥಾನಗಳಲ್ಲಿ ಇದೊಂದು ವಾರ್ಷಿಕ ವ್ರತವೇ ಆಗಿಹೋಯಿತು. ಶರತ್ಕಾಲ ಮುಗಿಯುವಾಗ ಹಿಂದಿನ ಗಾಲಿಗಳಿಗೆ ಹಿಮದ ಟೈರು ಹಾಕಿಸುವುದು, ವಸಂತದಲ್ಲಿ ತೆಗೆಸುವುದು. ವರ್ಷಕ್ಕೆರಡು ಸಲ ಅಂಗಡಿಯ ಮುಂದೆ ಕಾಯಬೇಕು, ಕೂಲಿ ತೆರಬೇಕು, ಬಿಚ್ಚಿದ ಟೈರುಗಳನ್ನು ಮನೆಯಲ್ಲಿ ಎಲ್ಲಾದರೂ ಇಡಬೇಕು.

ಈ ಬೇಸರದಿಂದಲೇ 'ಎಲ್ಲ ಕಾಲದ ಟೈರು' ಹುಟ್ಟಿತು. ಗುಡ್‌ಇಯರ್ ಕಂಪನಿ ೧೯೭೭ರಲ್ಲಿ ಟಿಯೆಂಪೊ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಮೊದಲು ರೇಡಿಯಲ್ ಟೈರು ಬರಬೇಕಾಗಿತ್ತು. ಫ್ರಾನ್ಸಿನ ಮಿಶಲಿನ್ ಕಂಪನಿ ೧೯೪೬ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದು ೧೯೪೯ರಲ್ಲಿ ಮಾರತೊಡಗಿತ್ತು. ಇದರಲ್ಲಿ ಒಳಗಿನ ದಾರಗಳು ಓರೆಯಾಗಿ ಹೆಣೆದುಕೊಳ್ಳದೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹೋಗುತ್ತವೆ. ಅವುಗಳ ಮೇಲೆ ಉಕ್ಕಿನ ಪಟ್ಟಿ. ಪಕ್ಕೆ ಬಳುಕಿದರೂ ನೆಲಕ್ಕೊತ್ತುವ ಮೈ ಚಪ್ಪಟೆಯಾಗಿ ನಿಲ್ಲುತ್ತದೆ. ಅಮೆರಿಕದವರು ಇದನ್ನು ಬಹುಕಾಲ ಮೂಸಿ ನೋಡಲಿಲ್ಲ. ೧೯೭೩ರ ತೈಲದ ಅಭಾವ ಬಂದು ಪೆಟ್ರೋಲು ಉಳಿಸುವ ಮಾತು ಎದ್ದ ಮೇಲೆ ಕಣ್ಣು ತೆರೆದರು.

ಅದೇ ವರ್ಷಗಳಲ್ಲಿ ಯೂರೋಪಿನ ಕುಶಲಿಗಳು ಇದಕ್ಕೆ ತೀರ ವಿರುದ್ಧವಾದ ದಾರಿ ಹಿಡಿದಿದ್ದರು. ಇಟಲಿಯ ಪಿರೆಲ್ಲಿ ಕಂಪನಿ ೧೯೭೦ರ ದಶಕದಲ್ಲಿ ಪಿ-೭ ಎಂಬ ಅಗಲವಾದ, ಕುಳ್ಳು ಪಕ್ಕೆಯ ಟೈರನ್ನು ಪಂದ್ಯದ ಕಾರುಗಳಿಗಾಗಿ ತಯಾರಿಸಿತು. ಪೋರ್ಷೆಯ ವೇಗದ ಕಾರೂ ಅದನ್ನೇ ತೊಟ್ಟು ಬೀದಿಗಿಳಿಯಿತು. ಅಮೆರಿಕದಲ್ಲಿ ೧೯೮೪ರ ಕಾರ್ವೆಟ್ ಕಾರಿಗೆ ಗುಡ್‌ಇಯರಿನವರು ಪಂದ್ಯದ ಮಳೆಟೈರಿನ ಗೀರುಗಳನ್ನು ಅನುಸರಿಸಿದ ಟೈರು ಮಾಡಿಕೊಟ್ಟರು. ಇವಕ್ಕೆ ಹಿಮದ ಗೊಡವೆಯಿಲ್ಲ. ತಿರುವಿನಲ್ಲಿ ಹಿಡಿತ, ಬ್ರೇಕಿನಲ್ಲಿ ಹಿಡಿತ, ಇದೇ ಗುರಿ. ಹೀಗೆ ಒಂದು ಕಡೆ ಎಲ್ಲ ಕಾಲಕ್ಕೂ ಹೊಂದಿಕೊಳ್ಳುವ ಗೃಹಸ್ಥ, ಇನ್ನೊಂದು ಕಡೆ ಬೇಸಗೆಯ ಪೈಲ್ವಾನ. ಆಮೇಲೆ ವ್ಯಾಪಾರಿಗಳು ಇವರಿಬ್ಬರನ್ನೂ ಒಂದೇ ಮೈಯೊಳಗೆ ಸೇರಿಸಹೊರಟು, ವೇಗದ ಕಾರಿಗೂ ಎಲ್ಲ ಕಾಲದ ಟೈರು ಎಂಬ ಮೂರನೆಯ ಬಗೆಯನ್ನು ತಂದರು. ನಮ್ಮ ಹುಡುಗ ಕೇಳಿದ್ದು ಇದನ್ನೇ.

ಇಲ್ಲಿ ರಬ್ಬರಿನ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಒಂದೊಂದು ಟೈರೂ ನೆಲವನ್ನು ಮುಟ್ಟುವುದು ಹೆಚ್ಚುಕಡಿಮೆ ನಮ್ಮ ಅಂಗೈಯಷ್ಟು ಜಾಗದಲ್ಲಿ. ಅಲ್ಲಿ ರಬ್ಬರು ಜಲ್ಲಿಯ ಉಬ್ಬುತಗ್ಗುಗಳೊಳಕ್ಕೆ ಇಳಿದು ಅಪ್ಪಿಕೊಳ್ಳಬೇಕು. ಅಪ್ಪಿಕೊಂಡದ್ದು ಚೆಂಡಿನಂತೆ ಥಟ್ಟನೆ ಪುಟಿಯದೆ, ನಿಧಾನವಾಗಿ ಬಿಡಬೇಕು. ಹಿಡಿತವೆಂದರೆ ಅದೇ. ಪ್ರತಿಯೊಂದು ಬೆರಕೆಯ ರಬ್ಬರಿಗೂ ಈ ಗುಣ ಚೆನ್ನಾಗಿರುವ ಒಂದು ಉಷ್ಣತೆಯ ಹರವು ಉಂಟು. ಬೇಸಗೆಯ ಟೈರಿನ ಬೆರಕೆ ಬಿಸಿನೆಲಕ್ಕೆ ಹದ ಮಾಡಿದ್ದು. ಗಾಳಿಯ ಉಷ್ಣತೆ ಸುಮಾರು ೭ ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿದರೆ ಅದು ಬಿರುಸಾಗತೊಡಗುತ್ತದೆ. ಏಳೆಂಬುದು ಗೆರೆ ಎಳೆದಂಥ ಲೆಕ್ಕವಲ್ಲ, ಕುಶಲಿಗಳು ಬಳಕೆಗೆಂದು ಹೇಳುವ ಅಂದಾಜು. ಆದರೂ ಬಿರುಸಾದ ರಬ್ಬರು ಜಲ್ಲಿಯನ್ನು ಅಪ್ಪುವುದಿಲ್ಲ, ಅದರ ಮೇಲೆ ಜಾರುತ್ತದೆ. ಹಿಮ ಬೀಳದೆಯೂ, ಒಣರಸ್ತೆಯಲ್ಲೇ, ನಮ್ಮ ಹುಡುಗನ ಕಾರು ಗೆರೆ ದಾಟಿದ್ದು ಹೀಗೆ.

ಎಲ್ಲ ಕಾಲದ ಟೈರಿನ ಬೆರಕೆ ಇನ್ನೂ ಕೆಳಗಿನ ಉಷ್ಣತೆಯಲ್ಲೂ ಮೆತ್ತಗಿರುತ್ತದೆ. ಅದರ ಮೈಮೇಲಿನ ರಬ್ಬರಿನ ತುಂಡುಗಳಲ್ಲಿ ಬ್ಲೇಡಿನಿಂದ ಕೊಯ್ದಂಥ ನವುರಾದ ಸೀಳುಗಳಿವೆ. ಅವುಗಳ ಅಂಚು ಹಿಮವನ್ನು ಕಚ್ಚುತ್ತದೆ. ಈ ಸೀಳುಗಳಿಗೆ ಇಂಗ್ಲಿಷಿನಲ್ಲಿ ಸೈಪ್ ಎನ್ನುತ್ತಾರೆ. ೧೯೨೩ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದ ಜಾನ್ ಸೈಪ್ ಒಂದು ಕಸಾಯಿಖಾನೆಯಲ್ಲಿದ್ದು, ಒದ್ದೆ ನೆಲದ ಮೇಲೆ ಜಾರದಿರಲೆಂದು ತನ್ನ ಬೂಟಿನ ಅಟ್ಟೆಯನ್ನು ಹೀಗೆ ಸೀಳಿಕೊಂಡನೆಂದು ಹೇಳಿಕೆ. ಆದರೆ ಬಿಸಿಲಿನ ದಿನ ಇದೇ ಸೀಳುಗಳು ಶತ್ರುವಾಗುತ್ತವೆ. ಸೀಳಿದ ತುಂಡು ತಿರುವಿನಲ್ಲಿ ಹೊರಳಾಡುತ್ತದೆ, ಬೇಗ ಕಾಯುತ್ತದೆ, ಬ್ರೇಕು ಒತ್ತಿದಾಗ ಕಾರು ಇನ್ನಷ್ಟು ದೂರ ಹೋಗಿ ನಿಲ್ಲುತ್ತದೆ. ಬೆಚ್ಚಗಿನ ದಿನ ಮಳೆ ಬಂದಾಗಲೂ ಒಳ್ಳೆಯ ಬೇಸಗೆಯ ಟೈರೇ ಸಾಮಾನ್ಯವಾಗಿ ಮೊದಲು ನಿಲ್ಲುತ್ತದೆ. 'ಎಲ್ಲ ಕಾಲ' ಎಂಬ ಹೆಸರು ಕೇಳಿ ಮಳೆಗಾಲಕ್ಕೆ ಅದೇ ಮೇಲೆಂದು ನಾನೂ ನಂಬಿದ್ದೆ, ಅದು ತಪ್ಪು.

ಸವೆತದ ಮಾತೂ ಇದೆ. ಬೇಸಗೆಯ ಪೈಲ್ವಾನ ಬೇಗ ಸವೆಯುತ್ತಾನೆ, ಗೃಹಸ್ಥ ಬಾಳಿಕೆ ಬರುತ್ತಾನೆ. ಅಮೆರಿಕದಲ್ಲಿ ಮಾರುವ ಟೈರಿನ ಪಕ್ಕೆಯ ಮೇಲೆ ಬಾಳಿಕೆಯ ಅಂಕಿಯೊಂದು ಇರುತ್ತದೆ. ಟೆಕ್ಸಸ್ ಸಂಸ್ಥಾನದ ಸಾನ್ ಏಂಜಲೊ ಪಟ್ಟಣದ ಸುತ್ತಣ ೪೦೦ ಮೈಲಿಯ ಹಾದಿಯಲ್ಲಿ ಒಟ್ಟು ೭೨೦೦ ಮೈಲಿ ಓಡಿಸಿ ನೋಡುವ ಪರೀಕ್ಷೆ ಅದಕ್ಕೆ ಆಧಾರ. ಆದರೂ ಅಂಕಿಯನ್ನು ಕೊಡುವವರು ತಯಾರಕರೇ. ಒಂದು ಕಂಪನಿಯ ೩೦೦ನ್ನು ಮತ್ತೊಂದರ ೫೦೦ರೊಡನೆ ತೂಗುವಾಗ ಇದು ನೆನಪಿರಲಿ.

ಇನ್ನು ಹೆಸರಿನ ಪೂರ್ವಾರ್ಧ, 'ಎಲ್ಲ' ಎಂಬುದು. ಇದನ್ನು ಸರಕಾರಗಳೇ ಪ್ರಶ್ನಿಸಿದವು. ಟೈರಿನ ಮೇಲೆ 'ಕೆಸರು ಮತ್ತು ಹಿಮ' ಎಂಬುದನ್ನು ಸೂಚಿಸುವ ಎರಡು ಅಕ್ಷರಗಳನ್ನು ಒತ್ತಲು ಗೀರುಗಳ ಆಕಾರ ಒಂದು ಬಗೆಯದಾಗಿದ್ದರೆ ಸಾಕಿತ್ತು. ಹಿಮದ ಮೇಲೆ ಓಡಿಸಿ ತೋರಿಸಬೇಕಾಗಿರಲಿಲ್ಲ. ೧೯೯೯ರಲ್ಲಿ ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳು ಇರುವ ಹೊಸ ಚಿಹ್ನೆ ಬಂತು. ಹಿಮದ ಮೇಲೆ ಪರೀಕ್ಷೆಯಲ್ಲಿ ಗೆದ್ದವಕ್ಕೆ ಮಾತ್ರ ಅದು. ಕೆನಡದ ಕ್ವಿಬೆಕ್ ಪ್ರಾಂತ ೨೦೦೮ರಿಂದ ಚಳಿಗಾಲದ ಟೈರನ್ನು ಕಡ್ಡಾಯ ಮಾಡಿತು. ಆ ತಿಂಗಳುಗಳಲ್ಲಿ ಬರಿಯ ಎಲ್ಲ ಕಾಲದ ಟೈರು ಅಲ್ಲಿ ನಡೆಯದು. ಜರ್ಮನಿಯೂ ಹಳೆಯ ಎರಡಕ್ಷರದ ಗುರುತನ್ನು ೨೦೨೪ರ ಸೆಪ್ಟೆಂಬರಿನವರೆಗೆ ಸಹಿಸಿ, ಆಮೇಲೆ ಹಿಮದ ರಸ್ತೆಗೆ ಬೆಟ್ಟದ ಚಿಹ್ನೆಯೇ ಬೇಕೆಂದಿತು. ಕುಶಲಿಗಳೂ ಸುಮ್ಮನೆ ಕೂತಿಲ್ಲ. ಮಿಶಲಿನ್ ೧೯೯೨ರಲ್ಲಿ ಇಂಗಾಲದ ಮಸಿಯ ಬಹುಪಾಲನ್ನು ಬಿಟ್ಟು ಸಿಲಿಕ ಬೆರೆಸಿದ ಮೇಲೆ ಒದ್ದೆ ನೆಲದ ಹಿಡಿತವೂ ಇಂಧನದ ಉಳಿತಾಯವೂ ಒಟ್ಟಿಗೆ ದೊರೆತವು. ೨೦೧೫ರಲ್ಲಿ ಅದೇ ಕಂಪನಿ ಬೇಸಗೆಯ ಟೈರಿನಿಂದ ಹೊರಟು ಬೆಟ್ಟದ ಚಿಹ್ನೆಯನ್ನೂ ಗಳಿಸಿದ ಟೈರನ್ನು ಯೂರೋಪಿಗೆ ತಂದಿತು. ಅಂತರ ಕಿರಿದಾಗಿದೆ, ಅಳಿದಿಲ್ಲ.

ಇದರಲ್ಲಿ ನಮಗೇನು ಎಂದು ವಾಚಕರು ಕೇಳಬಹುದು. ಬೆಂಗಳೂರಿನ ದಾಖಲೆಯಲ್ಲಿ ಅತ್ಯಂತ ಚಳಿಯ ದಿನವೆಂದರೆ ೧೮೮೪ರ ಜನವರಿ ೧೩. ಅಂದು ಉಷ್ಣತೆ ೭.೮ ಡಿಗ್ರಿಗೆ ಇಳಿದಿತ್ತು. ಎಂದರೆ ಆ ಏಳರ ಗೆರೆಯನ್ನು ನಮ್ಮ ರಾಜಧಾನಿ ದಾಟಿದ್ದೇ ಇಲ್ಲ. ಇಲ್ಲಿ ಹಿಮದ ಸೀಳುಗಳಿಗೆ ಹಣ ತೆರುವುದು ವ್ಯರ್ಥ. ನಮ್ಮ ಶತ್ರು ನೀರು. ೧೯೬೩ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಸಂಶೋಧಕರು ವಿಮಾನದ ಗಾಲಿಗಳನ್ನು ಪರೀಕ್ಷಿಸಿ, ನಿಂತ ನೀರಿನ ಮೇಲೆ ಟೈರು ಯಾವ ವೇಗದಲ್ಲಿ ತೇಲುತ್ತದೆಂಬುದಕ್ಕೆ ಸೂತ್ರ ಕೊಟ್ಟರು. ಪೌಂಡಿನಲ್ಲಿ ಗಾಳಿಯ ಒತ್ತಡದ ವರ್ಗಮೂಲವನ್ನು ೧೦.೩೫ರಿಂದ ಗುಣಿಸಿದರೆ ಮೈಲಿಯ ವೇಗ ಬರುತ್ತದೆ. ಬೋಳಾದ ಕಾರಿನ ಟೈರಿಗೂ ಇದನ್ನು ಅಂದಾಜಾಗಿ ಹಚ್ಚಬಹುದು. ಗಾಳಿ ೩೨ ಪೌಂಡಿದ್ದರೆ ಗಂಟೆಗೆ ಸುಮಾರು ೯೪ ಕಿಲೋಮೀಟರು. ೨೫ಕ್ಕೆ ಇಳಿದಿದ್ದರೆ ಸುಮಾರು ೮೩. ಗೀರುಗಳು ಆಳವಾಗಿದ್ದರೆ ನೀರು ಅವುಗಳಲ್ಲಿ ಹರಿದು ಹೋಗಲು ಎಡೆಯಾಗುತ್ತದೆ. ಗೀರಿನ ತಳದಲ್ಲಿ ೧.೬ ಮಿಲಿಮೀಟರಿನ ಗುರುತಿನ ಉಬ್ಬು ಇರುತ್ತದೆ. ಮೈ ಅದರ ಮಟ್ಟಕ್ಕೆ ಸವೆಯುವವರೆಗೆ ಕಾಯದೆ, ಮುಂಗಾರಿಗೆ ಮೊದಲೇ ಬದಲಾಯಿಸುವುದು ಲೇಸು.

ಅಕ್ಕನ ಮಗನಿಗೆ ನಾನು ಬರೆದದ್ದು ಬೇರೆ. ಅವನ ಊರಿನಲ್ಲಿ ಏಳರ ಕೆಳಗಿನ ಬೆಳಗುಗಳು ವರ್ಷದಲ್ಲಿ ಎಷ್ಟೋ ತಿಂಗಳು. ಒಂದೇ ಜೊತೆ ಇಡುವುದಾದರೆ ಬೆಟ್ಟದ ಚಿಹ್ನೆಯಿರುವ ಎಲ್ಲ ಕಾಲದ ಟೈರು ಹಾಕಿಸಿ, ಬೇಸಗೆಯ ತಿರುವುಗಳಲ್ಲಿ ಸ್ವಲ್ಪ ಮೋಜು ಬಿಟ್ಟುಕೊಡು. ಎರಡು ಜೊತೆಗೆ ಹಣವೂ ಜಾಗವೂ ಇದ್ದರೆ ಬೇಸಗೆಗೆ ಈಗಿನದು, ಚಳಿಗೆ ಚಳಿಯದೇ. ಅವನು ಎರಡನೆಯದನ್ನೇ ಆರಿಸಿಕೊಂಡ. ಬಿಚ್ಚಿದ ಟೈರುಗಳನ್ನು ನೆಲಮಾಳಿಗೆಯಲ್ಲಿ ಅಡುಕುವಾಗ ತಯಾರಕರ ಕಾಗದವೊಂದು ಕಣ್ಣಿಗೆ ಬಿತ್ತಂತೆ, ಓದಿ ಹೇಳಿದ: ಈ ಟೈರುಗಳನ್ನು ಸೊನ್ನೆಗಿಂತ ೭ ಡಿಗ್ರಿ ಕೆಳಗಿನ ಚಳಿಯಲ್ಲಿ ಉರುಳಿಸಬೇಡಿ, ರಬ್ಬರು ಸೀಳೀತು, ಹಾಗೆ ತಣ್ಣಗಾಗಿದ್ದರೆ ಬೆಚ್ಚಗಿನ ಕಡೆ ೨೪ ಗಂಟೆ ಇಟ್ಟು ಆಮೇಲೆ ಗಾಲಿಗೆ ಹಾಕಿ.

ಗುಡ್‌ಇಯರ್ ಮಹಾಶಯನ ಕಾಲದ ಪಾದರಕ್ಷೆಗಳ ಕಥೆಯನ್ನು ನಾನು ಅವನಿಗೆ ಹೇಳಿದ್ದು ಆಗಲೇ.